ಹೋಲಿಕೆಯ ರಕ್ತ

ಜನವರಿ ೯

ಮಗಳೇ,

ನಿನ್ನ ಕಾರ್ಡು ಬಂತು. "ಚೆನ್ನಾಗಿದ್ದೇವೆ. ಮಗು ಶಾಲೆಗೆ ಸೇರಿದಳು." ಎರಡೇ ಸಾಲು. ಟೆಲಿಗ್ರಾಂ ಕಾಲ ಮುಗಿದು ಎಷ್ಟೋ ವರ್ಷವಾಯಿತು, ನೀನು ಮಾತ್ರ ಇನ್ನೂ ಅಕ್ಷರ ಉಳಿಸುತ್ತಿದ್ದೀಯ. ಇರಲಿ. ಅದನ್ನು ಬಾಗಿಲ ಪಕ್ಕದ ಗೋಡೆಗೆ ಅಂಟಿಸಿಕೊಂಡಿದ್ದೇನೆ. ಓದಲು ಹೊತ್ತು ಹಿಡಿಯುವುದಿಲ್ಲವಲ್ಲ, ಹೋಗುವಾಗ ಒಂದು ಸಲ, ಬರುವಾಗ ಒಂದು ಸಲ ಓದುತ್ತೇನೆ.

ಇಲ್ಲಿ ಹಲ್ಲು ಕಟಕಟ ಅನ್ನುವ ಚಳಿ. ಕಿಟಕಿಯ ಗಾಜಿಗೆ ಮಂಜು ಕಟ್ಟಿ, ಬೀದಿಯಲ್ಲಿ ಹೋಗುವವರೆಲ್ಲ ನೀರಿನೊಳಗೆ ನಡೆಯುವವರ ಹಾಗೆ ಕಾಣುತ್ತಾರೆ. ನಾನು ಎಂಟು ಗಂಟೆಗೆ ಪ್ರಯೋಗಾಲಯಕ್ಕೆ ಹೋಗಿ ಕೋಟು, ಮಫ್ಲರು, ಸ್ವೆಟರು ಎಲ್ಲ ಕಳಚಿ ಮೊಳೆಗೆ ನೇತುಹಾಕುತ್ತೇನೆ. ಎರಡು ಬಾಗಿಲು ದಾಟಿ, ಬಲೆಯ ಪರದೆ ಸರಿಸಿ ಒಳಗೆ ಕಾಲಿಟ್ಟರೆ ಬೇಸಿಗೆ. ವರ್ಷವಿಡೀ ಅದೇ ಬೇಸಿಗೆ. ಗೋಡೆ ಬೆವರುತ್ತದೆ, ನಾನೂ ಬೆವರುತ್ತೇನೆ. ದೀಪಗಳು ತಾವಾಗಿಯೇ ಬೆಳಿಗ್ಗೆ ನಿಧಾನಕ್ಕೆ ಬೆಳಗುತ್ತವೆ, ಸಂಜೆ ನಿಧಾನಕ್ಕೆ ಮಂಕಾಗುತ್ತವೆ. ಅಲ್ಲಿ ಮೋಡವಿಲ್ಲ, ಗಾಳಿಯಿಲ್ಲ, ಭಾನುವಾರವೂ ಇಲ್ಲ. ತಟ್ಟೆಗಳ ಮಧ್ಯೆ ಸ್ಟೂಲಿನ ಮೇಲೆ ಕೂತು ಕಣ್ಣು ಮುಚ್ಚಿದರೆ ಈ ಇಪ್ಪತ್ತೊಂದು ವರ್ಷವೂ ಒಂದೇ ಮಧ್ಯಾಹ್ನ ಅನ್ನಿಸಿಬಿಡುತ್ತದೆ.

ಜನ ನಾಯಿ ಸಾಕುತ್ತಾರೆ, ಗಿಳಿ ಸಾಕುತ್ತಾರೆ, ನಿನ್ನ ಅಮ್ಮ ಸೊಳ್ಳೆ ಸಾಕುತ್ತಾಳೆ. ಕಾಗದದ ಪಟ್ಟಿಯ ಮೇಲೆ ಸಾಸಿವೆಗಿಂತ ಸಣ್ಣ ಮೊಟ್ಟೆ. ನೀರಿಗೆ ಅದ್ದಿದರೆ ಸಂಜೆಯೊಳಗೆ ಮರಿಹುಳು, ವಾರ ಕಳೆದರೆ ರೆಕ್ಕೆ. ಗಂಡಿಗೆ ಸಕ್ಕರೆ ನೀರು ಸಾಕು, ಸಾಧು ಪ್ರಾಣಿ. ಹೆಣ್ಣಿಗೆ ಮೊಟ್ಟೆಯಿಡಲು ರಕ್ತ ಬೇಕು. ಅದಕ್ಕೊಂದು ಯಂತ್ರವಿದೆ. ಗಾಜಿನ ಬಟ್ಟಲಿಗೆ ತೆಳುವಾದ ಪೊರೆ ಬಿಗಿದು, ಒಳಗೆ ರಕ್ತ ಬೆಚ್ಚಗಿಟ್ಟು ಪಂಜರದ ಮೇಲಿಟ್ಟರೆ, ಯಾರದೋ ಚರ್ಮ ಅಂದುಕೊಂಡು ಕುಡಿಯುತ್ತವೆ. ಈ ಊರಿನ ಚಳಿಗೆ ಈ ಜಾತಿ ಹೊರಗೆ ಬದುಕುವುದಿಲ್ಲ. ಒಂದೆರಡು ತಪ್ಪಿಸಿಕೊಂಡರೂ ಯಾರಿಗೂ ಅಪಾಯವಿಲ್ಲ ಅಂತಲೇ ಪ್ರಯೋಗಾಲಯ ಇಲ್ಲಿ ಕಟ್ಟಿದ್ದು.

ಹೊಸ ಸುದ್ದಿಯೆಂದರೆ ನಮ್ಮ ಡಾಕ್ಟರಮ್ಮನ ಔಷಧವನ್ನು ಕೊನೆಗೂ ಜನರಿಗೆ ಚುಚ್ಚಿ ನೋಡುತ್ತಿದ್ದಾರೆ. ಅವರೇ ಇಲ್ಲಿಗೆ ಮುಖ್ಯಸ್ಥೆ. ಮೊನ್ನೆ ನನ್ನನ್ನು ಕೂರಿಸಿಕೊಂಡು ಹೇಳಿದರು, "ನೋಡಿ, ಸೊಳ್ಳೆ ಸುಮ್ನೆ ರಕ್ತ ಎಳ್ಕೊಳಲ್ಲ. ಮೊದ್ಲು ಜೊಲ್ಲು ಬಿಡುತ್ತೆ. ಆ ಜೊಲ್ಲಲ್ಲಿ ನೋವು ಗೊತ್ತಾಗದ ಹಾಗೆ ಮಾಡೋದು ಒಂದಿದೆ, ರಕ್ತ ಹೆಪ್ಪುಗಟ್ಟದ ಹಾಗೆ ಮಾಡೋದು ಇನ್ನೊಂದಿದೆ. ಮತ್ತೊಂದು ನಮ್ಮ ಮೈ ಕಾಯೋರಿಗೆ ಜೋಗುಳ ಹಾಡುತ್ತೆ. ಅವ್ರು ತೂಕಡಿಸೋ ಹೊತ್ತಿಗೆ ವೈರಸ್ ಒಳಗೆ ನುಗ್ಗುತ್ತೆ."

"ಅಂದ್ರೆ ಕಳ್ಳ ಬೇರೆ, ಬಾಗಿಲು ತೆಗೆಯೋನು ಬೇರೆ," ಅಂದೆ.

"ಅದೇ! ಕಳ್ಳರು ಹತ್ತಾರು ಜನ. ಇವತ್ತು ಈ ಜ್ವರ, ನಾಳೆ ಆ ಜ್ವರ. ಬಾಗಿಲು ತೆಗೆಯೋನು ಮಾತ್ರ ಒಬ್ನೇ. ಅವನ ಮುಖ ಮೈಗೆ ಪರಿಚಯ ಮಾಡ್ಸಿಬಿಟ್ರೆ ಸಾಕಲ್ವಾ?"

ಅದಕ್ಕೇ ಈಗ ಮಧ್ಯಾಹ್ನ ನನ್ನ ಕೈಗೂ ಸೂಜಿ ಬಂದಿದೆ. ಸೂಕ್ಷ್ಮದರ್ಶಕದ ಕೆಳಗೆ ಒಂದು ಹನಿ ಉಪ್ಪುನೀರು, ಅದರಲ್ಲಿ ಮಂಪರು ಹಿಡಿದ ಸೊಳ್ಳೆ. ಒಂದು ಸೂಜಿಯಿಂದ ಎದೆ ಒತ್ತಿ ಹಿಡಿದು, ಇನ್ನೊಂದರಿಂದ ತಲೆಯನ್ನು ಮೆಲ್ಲಗೆ ಎಳೆದರೆ ಹಿಂದೆಯೇ ಜೊಲ್ಲಿನ ಗ್ರಂಥಿಗಳು ಬರುತ್ತವೆ. ಎರಡು, ಒಂದೊಂದಕ್ಕೆ ಮೂರು ಎಸಳು. ಅವಸರ ಮಾಡಿದರೆ ಹರಿದುಹೋಗುತ್ತವೆ. ದಿನಕ್ಕೆ ನೂರು ತೆಗೆಯುತ್ತೇನೆ. ಕನ್ನಡಕದ ಅಂಗಡಿಯಲ್ಲಿ ಊರವರ ಕಣ್ಣು ಪರೀಕ್ಷೆ ಮಾಡುವ ಮಗಳಿಗೆ ಹೇಳುತ್ತಿದ್ದೇನೆ, ಈ ಮುದುಕಿಗೆ ಇನ್ನೂ ಕನ್ನಡಕ ಬೇಕಿಲ್ಲ, ಹೊಟ್ಟೆಕಿಚ್ಚು ಪಡಬೇಡ.

ಮಗುವಿಗೆ ಆರು ತುಂಬಿತಲ್ಲವೇ. ಆರು. ಅವಳಿಗೆ ಒಂದು ಮುತ್ತು ಕೊಡು.

ಅಮ್ಮ

*

ಫೆಬ್ರವರಿ ೨

ಅಮ್ಮ,

ನಿನ್ನ ಪತ್ರವನ್ನು ನನಗಿಂತ ಮೊದಲು ಮಗು ಓದಿದಳು. ಅಕ್ಷರ ಕೂಡಿಸಿ ಕೂಡಿಸಿ ಓದಿ, ನಾನು ಅಂಗಡಿಯಿಂದ ಬಂದು ಚಪ್ಪಲಿ ಬಿಡುವ ಮೊದಲೇ ಕೇಳಿದಳು, "ಅಜ್ಜಿ ಸೊಳ್ಳೆ ಸಾಕ್ತಾಳಾ?" ಅಜ್ಜಿ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಾಳೆ ಅಂತ ನಾನು ಅವಳಿಗೆ ಹೇಳಿದ್ದೆ. ಇನ್ನು ಮೇಲೆ ಬರೆಯುವುದಾದರೆ ಚಳಿಯ ಬಗ್ಗೆ ಬರೆ, ಮಂಡಿನೋವಿನ ಬಗ್ಗೆ ಬರೆ. ಅವುಗಳ ವಿಷಯ ಬೇಡ.

ಎಷ್ಟು ಸಲೀಸಾಗಿ ಬರೆದಿದ್ದೀಯ, ಸಾಧು ಪ್ರಾಣಿ ಅಂತ. ತಮ್ಮ ಎಂಟು ದಿನ ನರಳಿದ. ನನಗೆ ಆಗ ಹನ್ನೊಂದು, ಏನೂ ಗೊತ್ತಾಗದ ವಯಸ್ಸಲ್ಲ. ಅವನು ಹೋಗಿ ಮೂರು ತಿಂಗಳಾಗಿರಲಿಲ್ಲ, ನನ್ನನ್ನು ದೊಡ್ಡಮ್ಮನ ಮನೆಯಲ್ಲಿ ಬಿಟ್ಟು, ಅವನನ್ನು ಕೊಂದ ಹುಳಕ್ಕೆ ರಕ್ತ ಕುಡಿಸುವ ಕೆಲಸ ಹುಡುಕಿಕೊಂಡು ಹೋದೆ. ಆಗ ಯಂತ್ರ ಇರಲಿಲ್ಲ. ನೀನು ರಜಕ್ಕೆ ಬಂದಾಗ ನಿನ್ನ ಎಡಗೈ ತುಂಬ ಕೆಂಪು ಚುಕ್ಕಿ. ನಾನು ಪಕ್ಕದಲ್ಲಿ ಮಲಗಿ ಆ ಕೈಯನ್ನು ಮುಟ್ಟದ ಹಾಗೆ ಗೋಡೆಗೆ ಒತ್ತಿಕೊಳ್ಳುತ್ತಿದ್ದೆ. ಅಪ್ಪ ಬದುಕಿದ್ದಿದ್ದರೆ ಇವಳನ್ನು ಹೀಗೆ ಹೋಗಲು ಬಿಡುತ್ತಿರಲಿಲ್ಲ ಅಂತ ದೊಡ್ಡಮ್ಮ ಅಡುಗೆಮನೆಯಲ್ಲಿ ಗೊಣಗುತ್ತಿದ್ದಳು.

ಕೋಪದಿಂದ ಬರೆಯುತ್ತಿಲ್ಲ. ಸುಳ್ಳು, ಕೋಪದಿಂದಲೇ ಬರೆಯುತ್ತಿದ್ದೇನೆ. ಈ ಸಲ ಎರಡು ಸಾಲಿಗಿಂತ ಜಾಸ್ತಿಯಾಯಿತು, ಗೋಡೆಗೆ ಅಂಟಿಸಿಕೊಳ್ಳಬೇಡ.

ನಿನ್ನ ಮಗಳು

*

ಫೆಬ್ರವರಿ ೧೯

ಮಗಳೇ,

ಅಂಟಿಸಲಿಲ್ಲ. ಬೈಗುಳವಾದರೂ ಒಂದು ಪುಟ ತುಂಬ ಬಂತಲ್ಲ ಅಂತ ದಿಂಬಿನ ಕೆಳಗೆ ಇಟ್ಟುಕೊಂಡಿದ್ದೇನೆ.

ಯಾಕೆ ಹೋದೆ ಅಂತ ನೀನು ಬಾಯಿಬಿಟ್ಟು ಕೇಳದಿದ್ದರೂ ಅದು ಸರಿಯಾದ ಪ್ರಶ್ನೆ. ಉತ್ತರ ಹೇಳಲು ಇಷ್ಟು ವರ್ಷ ಬಾಯಿ ಬರಲಿಲ್ಲ. ಚಿಕ್ಕೋನು ಹೋದ ಮಾರನೆಯ ದಿನ ಬಿಳಿ ಅಂಗಿಯ ಇಬ್ಬರು ಬೀದಿಗೆ ಬಂದಿದ್ದರು, ನಿನಗೆ ನೆನಪಿದೆಯೋ ಇಲ್ಲವೋ. ಕೈಯಲ್ಲಿ ಗಾಜಿನ ಕೊಳವೆ, ಅದಕ್ಕೊಂದು ರಬ್ಬರಿನ ನಳಿಗೆ. ಕಪಾಟಿನ ಸಂದಿಯಿಂದ, ಅವನು ಮಲಗಿದ್ದ ಮಂಚದ ಕೆಳಗಿನಿಂದ ಸೊಳ್ಳೆಗಳನ್ನು ಹೀರಿ ಹಿಡಿದುಕೊಂಡರು. "ಏನ್ಮಾಡ್ತೀರಿ ಇವನ್ನ?" ಅಂದೆ. "ಸಾಕ್ತೀವಿ ತಾಯಿ," ಅಂದ ಒಬ್ಬ. "ಮೊಟ್ಟೆ ಇಡಿಸಿ, ರೋಗ ಇಲ್ಲದ ಮರಿ ಮಾಡ್ಕೊಂಡು, ಔಷಧ ಹುಡುಕ್ತೀವಿ." ಕೊಳವೆಯೊಳಗೆ ಒಂದರ ಹೊಟ್ಟೆ ಕೆಂಪಗೆ ಉಬ್ಬಿತ್ತು. ಅದು ಅವನ ರಕ್ತವೋ, ನಿನ್ನದೋ, ನನ್ನದೋ ಯಾರಿಗೆ ಗೊತ್ತು.

ಅವನ ಬಟ್ಟೆಗಳನ್ನು ದೊಡ್ಡಮ್ಮ ಯಾರಿಗೋ ಕೊಟ್ಟುಬಿಟ್ಟಳು. ಅವನನ್ನು ಮುಟ್ಟಿದ್ದು, ಇನ್ನೂ ಉಸಿರಾಡುತ್ತಿರುವುದು ಅಂತ ಉಳಿದದ್ದು ಆ ಕೊಳವೆಯೊಳಗೆ ಮಾತ್ರ ಅನ್ನಿಸಿತು. ಬುದ್ಧಿ ನೆಟ್ಟಗಿರುವವರು ಯೋಚಿಸುವ ರೀತಿಯಲ್ಲ, ಒಪ್ಪುತ್ತೇನೆ. ಅವರ ಹಿಂದೆಯೇ ಬೀದಿ ಕೊನೆಯವರೆಗೆ ಹೋಗಿ ವಿಳಾಸ ಬರೆಸಿಕೊಂಡೆ. ಈಗ ನನ್ನ ಪಂಜರಗಳಲ್ಲಿರುವುದು ಅದೇ ವಂಶ. ಮುನ್ನೂರು ತಲೆಮಾರು ದಾಟಿರಬೇಕು. ಅವುಗಳಿಗೆ ನೆನಪಿರುತ್ತದೆಯೇ, ಹುಚ್ಚಿ, ಅಂತ ನನಗೆ ನಾನೇ ಬೈದುಕೊಳ್ಳುತ್ತೇನೆ.

ನೀನೂ ಉಳಿದಿದ್ದೆ. ನೀನು ಅವನಿಗೆ ಎಲ್ಲರಿಗಿಂತ ಹತ್ತಿರವಿದ್ದವಳು. ನಿನ್ನನ್ನು ಬಿಟ್ಟು ಇವುಗಳ ಹಿಂದೆ ಹೋದದ್ದು ತಪ್ಪು, ಅದಕ್ಕೆ ಸಮಜಾಯಿಷಿ ಇಲ್ಲ. ನಿನ್ನ ಮುಖ ನೋಡಲು ಆಗ ನನಗೆ ಆಗುತ್ತಿರಲಿಲ್ಲ. ಯಾಕೆ ಅನ್ನುವುದನ್ನು ಇನ್ನೊಂದು ದಿನ ಬರೆಯುತ್ತೇನೆ, ಕೈ ಬಂದರೆ.

ನಿನ್ನೆ ಮಧ್ಯಾಹ್ನ ಸ್ಟೂಲಿನ ಮೇಲೆ ತೂಕಡಿಸಿದೆ. ಕೋಣೆಯ ತುಂಬ ಆ ಸಣ್ಣ ಗುಂಯ್. ಚಿಕ್ಕೋನು ತಟ್ಟೆಗಳ ಸಾಲಿನ ಮಧ್ಯೆ ಬರಿಗಾಲಲ್ಲಿ ನಡೆದುಬಂದು, ಬಲೆಗೆ ಮೂಗು ಒತ್ತಿ, "ಇವೆಲ್ಲ ನಮ್ಮವಾ ಅಮ್ಮ?" ಅಂದ. ಹೂಂ ಕಣೋ ಅಂದೆ. ಎಚ್ಚರವಾದಾಗ ದೀಪಗಳು ಮಂಕಾಗುತ್ತಿದ್ದವು, ಒಂದು ತಟ್ಟೆಗೂ ಮೇವು ಹಾಕಿರಲಿಲ್ಲ.

ಅಮ್ಮ

*

ಏಪ್ರಿಲ್ ೮

ಅಮ್ಮ,

ನಿನ್ನ ಪತ್ರಕ್ಕೆ ಏನು ಬರೆಯಬೇಕೆಂದು ತಿಳಿಯದೆ ಸುಮ್ಮನಿದ್ದೆ. ಈಗಲೂ ತಿಳಿದಿಲ್ಲ. ಮಗುವಿನ ಪ್ರಶ್ನೆಗಳನ್ನು ಬರೆಯುತ್ತೇನೆ, ಅದು ಸುಲಭ. ಸೊಳ್ಳೆಗೆ ಹಲ್ಲಿದೆಯಾ? ಅದಕ್ಕೆ ಅಜ್ಜಿ ಅಂದರೆ ಗುರುತು ಸಿಗುತ್ತಾ? ಅಜ್ಜಿ ಬೈದರೆ ಕಚ್ಚುವುದು ಬಿಡುತ್ತಾ? ತಪ್ಪದೆ ಉತ್ತರ ಬರೆ, ಇಲ್ಲದಿದ್ದರೆ ನನ್ನ ಜೀವ ತಿನ್ನುತ್ತಾಳೆ.

ಜ್ವರ ಇಲ್ಲಿಗೂ ಬಂದಿದೆ. ಎದುರುಮನೆಯ ಬಸ್ ಡ್ರೈವರನ ಹೆಂಡತಿ ಆರು ತಿಂಗಳ ಬಸುರಿ, ಆಸ್ಪತ್ರೆಯಲ್ಲಿದ್ದಾಳೆ. ಆ ಮನುಷ್ಯ ಬೆಳಿಗ್ಗೆ ಅಂಗಡಿಗೆ ಬಂದು ಸುಮ್ಮನೆ ಕುರ್ಚಿಯಲ್ಲಿ ಕೂತ. ಕಣ್ಣು ಮಂಜಾಗಿದೆ ಅಂದ. ಪರೀಕ್ಷೆ ಮಾಡಿದೆ, ಕಣ್ಣಿಗೆ ಏನೂ ಆಗಿಲ್ಲ. ಮೂರು ದಿನದಿಂದ ನಿದ್ದೆಯಿಲ್ಲ ಅಷ್ಟೇ.

ಕಿಟಕಿಗೆಲ್ಲ ಬಲೆ ಹಾಕಿಸಿದ್ದೇನೆ. ಹೂಕುಂಡದ ಕೆಳಗಿನ ತಟ್ಟೆ ಎಸೆದೆ, ಹೂಕುಂಡವನ್ನೂ ಎಸೆದೆ. ಮಗು ಒಂದು ಲೋಟ ನೀರು ಮೇಜಿನ ಮೇಲೆ ಮರೆತರೆ ಬೀದಿಗೆ ಕೇಳುವ ಹಾಗೆ ಕಿರುಚುತ್ತೇನೆ. ನಿನ್ನೆ ಅವಳ ಹಿಮ್ಮಡಿಯ ಮೇಲೆ ಒಂದು ಕೆಂಪು ಗುರುತು ನೋಡಿ ಅವಳನ್ನು ದೀಪದ ಕೆಳಗೆ ಎಳೆದುಕೊಂಡು ಹೋದೆ. ಅವಳೇ ನನಗೆ ಸಮಾಧಾನ ಹೇಳಿದಳು, "ಇರುವೆ ಕಚ್ಚಿದ್ದು ಅಮ್ಮ, ನಾನೇ ನೋಡ್ದೆ."

ಅಮ್ಮ, ನಿಮ್ಮ ಆ ಔಷಧ ಯಾವಾಗ ಸಿಗುತ್ತದೆ? ಇದನ್ನು ನಿನ್ನ ಹತ್ತಿರ ಕೇಳುವ ಕಾಲ ಬಂತಲ್ಲ ಅಂತ ನಾಚಿಕೆಯಾಗುತ್ತಿದೆ. ಆದರೂ ಕೇಳುತ್ತಿದ್ದೇನೆ.

ನಿನ್ನ ಮಗಳು

*

ಮೇ ೬

ಮಗಳೇ,

ಔಷಧ ಸಿಗುವುದಿಲ್ಲ. ತಿಂಗಳ ಕೊನೆಗೆ ಅದರ ಕೆಲಸ ನಿಲ್ಲಿಸುತ್ತಾರೆ. ಮಗುವಿನ ಪ್ರಶ್ನೆಗಳಿಗೆ ಬೇರೆ ಕಾಗದದಲ್ಲಿ ಉತ್ತರ ಬರೆದಿದ್ದೇನೆ, ಅದನ್ನು ಅವಳಿಗೆ ಕೊಡು. ಇದನ್ನು ಅವಳ ಕೈಗೆ ಸಿಗದ ಹಾಗೆ ಇಡು.

ನಡೆದದ್ದು ಹೀಗೆ. ಮೂವತ್ತು ಜನಕ್ಕೆ ಆ ಔಷಧ ಚುಚ್ಚಿದ್ದರು. ಚುಚ್ಚಿಸಿಕೊಂಡವರ ರಕ್ತ ಸೊಳ್ಳೆಯ ಜೊಲ್ಲನ್ನು ಗುರುತು ಹಿಡಿಯಬೇಕು. ಹಿಡಿಯುತ್ತದೋ ಇಲ್ಲವೋ ಅಂತ ನೋಡಲು ಪಕ್ಕದಲ್ಲಿ ಇನ್ನೊಂದು ರಕ್ತ ಇಡುತ್ತಾರೆ, ಅದಕ್ಕೆ ಹೋಲಿಕೆಯ ರಕ್ತ ಅಂತ ಹೆಸರು. ಈ ಸೊಳ್ಳೆ ಕಚ್ಚದವರ ರಕ್ತ. ಅದು ಏನನ್ನೂ ಗುರುತಿಸಬಾರದು. ಫಲಿತಾಂಶ ಬಂತು. ಎರಡೂ ಒಂದೇ ಹಾಗೆ ಗುರುತು ಹಿಡಿದಿವೆ. ಹಾಗಾದರೆ ಔಷಧದಿಂದ ಏನೂ ಆಗಿಲ್ಲ ಅಂತ ಅರ್ಥ. ಡಾಕ್ಟರಮ್ಮ ಹಾಳೆಯನ್ನು ಮೇಜಿನ ಮೇಲಿಟ್ಟು, "ಒಂಬತ್ತು ವರ್ಷ," ಅಂದರು. ಆಮೇಲೆ ಎಲ್ಲರೆದುರೇ ಅತ್ತುಬಿಟ್ಟರು.

ನಾನು ಮೂಲೆಯಲ್ಲಿ ತಟ್ಟೆ ತೊಳೆಯುತ್ತಿದ್ದೆ. ತೊಳೆದ ತಟ್ಟೆಯನ್ನೇ ಮತ್ತೆ ತೊಳೆದೆ. ಹೋಲಿಕೆಯ ರಕ್ತ ಕೊಟ್ಟವರು ಐದು ಜನ. ಇಬ್ಬರು ಗುಮಾಸ್ತರು, ಗೇಟಿನ ಕಾವಲುಗಾರ, ಗ್ರಂಥಾಲಯದವಳು, ನಾನು. ಐದನ್ನೂ ಒಟ್ಟಿಗೆ ಬೆರೆಸುತ್ತಾರೆ.

ಕೈಯಿಂದ ಕುಡಿಸಬಾರದು ಅಂತ ನಿಯಮ ಬಂದು ಏಳು ವರ್ಷವಾಯಿತು. ಹೋದ ಆಗಸ್ಟಿನಲ್ಲಿ ಯಂತ್ರ ಕೆಟ್ಟಿತು. ಬಿಡಿಭಾಗ ಬರಲು ನಲವತ್ತು ದಿನ. ಒಣ ಪಟ್ಟಿಗಳಲ್ಲಿ ತೆಗೆದಿಟ್ಟ ಮೊಟ್ಟೆಗಳಿಗೆ ಆ ತಿಂಗಳೇ ಬೂಷ್ಟು ಹಿಡಿದಿತ್ತು. ಅಂಥ ಹೊತ್ತಿನಲ್ಲಿ ಈ ವಂಶವನ್ನು ಸಾಯಲು ಬಿಟ್ಟು ಬೇರೆ ಕಡೆಯಿಂದ ಬೇರೆ ಮೊಟ್ಟೆ ತರಿಸಬೇಕು, ಅದು ನಿಯಮ. ನನ್ನಿಂದ ಆಗಲಿಲ್ಲ. ಬೆಳಿಗ್ಗೆ ಹನ್ನೊಂದು ಗಂಟೆಗೆ, ಎಲ್ಲರೂ ಚಹಾಕ್ಕೆ ಹೋಗಿ ಯಾರೂ ಇಲ್ಲದಾಗ, ತೋಳು ಮಡಿಸಿ ಪಂಜರದೊಳಗೆ ಕೈ ಇಟ್ಟೆ. ನಲವತ್ತು ದಿನ. ನನಗೆ ತುರಿಸುವುದೂ ಇಲ್ಲ, ಅಷ್ಟು ಹಳೆಯ ಪರಿಚಯ. ಮೂಲೆಗೆ ಹಾಕಿದ್ದ ಹಳೇ ಯಂತ್ರದಲ್ಲೇ ಹೇಗೋ ನಡೀತಿದೆ ಅಂತ ಡಾಕ್ಟರಮ್ಮನಿಗೆ ಹೇಳಿದೆ. ದಿನಚರಿ ಪುಸ್ತಕದಲ್ಲಿ ದಿನವೂ "ಯಂತ್ರ" ಅಂತಲೇ ಬರೆದೆ.

ಡಿಸೆಂಬರಿನಲ್ಲಿ ಹೋಲಿಕೆಯ ರಕ್ತಕ್ಕೆ ಒಬ್ಬರು ಕಡಿಮೆ ಬಿದ್ದರು. "ನೀವೂ ಕೈ ಹಾಕೋದು ಬಿಟ್ಟು ಏಳು ವರ್ಷ ಆಯ್ತಲ್ಲ, ನೀವೇ ಕೊಡಿ," ಅಂದರು ಡಾಕ್ಟರಮ್ಮ. ಒಂದು ಫಾರಂ ಕೊಟ್ಟರು. ಕಳೆದ ಐದು ವರ್ಷದಲ್ಲಿ ಈ ಸೊಳ್ಳೆ ಕಚ್ಚಿದೆಯೇ? ಹೌದು ಅಂದರೆ ಪುಸ್ತಕದ ಸುಳ್ಳು ಹೊರಬೀಳುತ್ತಿತ್ತು. ಇಲ್ಲ ಅಂತ ಬರೆದೆ. ಒಂದು ಚಮಚ ರಕ್ತದಲ್ಲಿ ಏನಾಗುತ್ತದೆ ಅಂದುಕೊಂಡೆ. ಅದನ್ನು ಏನಕ್ಕೆ ಬಳಸುತ್ತಾರೆ ಅಂತ ಆಗ ನನಗೆ ಪೂರ್ತಿ ತಿಳಿದಿರಲಿಲ್ಲ. ಈಗ ತಿಳಿಯಿತು. ಔಷಧ ಸೋತಿಲ್ಲ. ಅದನ್ನು ನನ್ನ ರಕ್ತದ ಪಕ್ಕ ಇಟ್ಟು ಅಳೆದಿದ್ದಾರೆ.

ಹೇಳಿದರೆ ನನ್ನನ್ನು ಆ ಕೋಣೆಯಿಂದ ಹೊರಗೆ ಹಾಕುತ್ತಾರೆ. ಹಾಕಲೇಬೇಕು. ಅದನ್ನು ಬಿಟ್ಟರೆ ನಾನು ಎಲ್ಲಿಗೆ ಹೋಗುವುದು, ಬೆಳಿಗ್ಗೆ ಎದ್ದು ಯಾರ ಮುಖ ನೋಡುವುದು? ಹೇಳದಿದ್ದರೆ ನಿನ್ನ ಎದುರುಮನೆಯವಳು, ನಿನ್ನ ಮಗು, ಎಲ್ಲರೂ ಆ ಜ್ವರದ ಬಾಯಿಗೆ. ಮೂರು ದಿನದಿಂದ ಡಾಕ್ಟರಮ್ಮನ ಬಾಗಿಲವರೆಗೆ ಹೋಗಿ ತಿರುಗಿ ಬರುತ್ತಿದ್ದೇನೆ. ಇವತ್ತು ಒಳಗೂ ಹೋದೆ. "ಏನು?" ಅಂದರು. "ಸಕ್ಕರೆ ಖಾಲಿಯಾಗಿದೆ," ಅಂದು ಬಂದುಬಿಟ್ಟೆ.

ನನಗೆ ಹೆದರಿಕೆಯಾಗುತ್ತಿದೆ ಮಗಳೇ.

ಅಮ್ಮ

*

ಮೇ ೧೦

ಅಮ್ಮ,

ಹೇಳು. ಈ ಕಾಗದ ಕೈಗೆ ಬಂದ ದಿನವೇ ಹೇಳು. ಸಕ್ಕರೆಯಂತೆ ಸಕ್ಕರೆ!

ಇಷ್ಟು ಬರೆದು ಲಕೋಟೆ ಅಂಟಿಸಿದ್ದೆ. ಮತ್ತೆ ಹರಿದೆ. ನಿನಗೆ "ಹೇಳು" ಅನ್ನಲು ನನಗೆ ಯಾವ ಬಾಯಿದೆ ಅಂತ ಬೆಳಗಿನಿಂದ ಅಂಗಡಿಯಲ್ಲಿ ಯೋಚಿಸುತ್ತಿದ್ದೆ. ಒಬ್ಬರಿಗೆ ತಪ್ಪು ಗಾಜು ಕೊಟ್ಟು ಬೈಸಿಕೊಂಡೆ. ಈಗ ಮಗು ಶಾಲೆಯಿಂದ ಬರಲು ಒಂದು ಗಂಟೆಯಿದೆ, ಅಷ್ಟರೊಳಗೆ ಬರೆದುಬಿಡುತ್ತೇನೆ.

ಆ ವರ್ಷ ನಾನೊಂದು ಜಾಡಿ ಇಟ್ಟುಕೊಂಡಿದ್ದೆ. ಹಿತ್ತಲಿನ ತೊಟ್ಟಿಯಲ್ಲಿ ಪುಟ್ಟ ಪುಟ್ಟ ಹುಳುಗಳು ಬಾಗಿ ಬಾಗಿ ಈಜುತ್ತಿದ್ದವು. ನಾನು ಮೀನಿನ ಮರಿ ಅಂದುಕೊಂಡೆ. ಹಿಡಿದು ಜಾಡಿಯಲ್ಲಿ ತುಂಬಿ, ತಮ್ಮನ ಮಂಚದ ಪಕ್ಕದ ಕಿಟಕಿಯಲ್ಲಿ, ಪರದೆಯ ಹಿಂದೆ ಬಚ್ಚಿಟ್ಟಿದ್ದೆ. ಅವನಿಗೆ ಮಾತ್ರ ಗೊತ್ತು. ಇಬ್ಬರೂ ಬಿಸ್ಕತ್ತು ಪುಡಿ ಮಾಡಿ ಹಾಕುತ್ತಿದ್ದೆವು. ಒಂದು ಬೆಳಿಗ್ಗೆ ನೋಡಿದರೆ ಮೀನೇ ಇಲ್ಲ, ನೀರಿನ ಮೇಲೆ ಸಿಪ್ಪೆ ತೇಲುತ್ತಿದ್ದವು. "ಎಲ್ಲಿ ಹೋದ್ವು ಅಕ್ಕ?" ಅಂದ. "ಹಾರಿ ಹೋದ್ವು ಕಣೋ," ಅಂತ ತಮಾಷೆ ಮಾಡಿದೆ. ನಗುತ್ತಾ ಕೋಣೆ ತುಂಬ ಹುಡುಕಿದ. ಅದಾಗಿ ಹತ್ತು ದಿನಕ್ಕೆ ಅವನಿಗೆ ಜ್ವರ ಬಂತು.

ಅವು ಏನೆಂದು ಗೊತ್ತಾದದ್ದು ಮರುವರ್ಷ, ಶಾಲೆಯ ಪುಸ್ತಕದಲ್ಲಿ ಚಿತ್ರ ನೋಡಿದಾಗ. ಯಾರಿಗೂ ಹೇಳಲಿಲ್ಲ. ಕೈಹಿಡಿದವನಿಗೂ ಹೇಳಿಲ್ಲ. ನೀನು ಸೊಳ್ಳೆ ಸಾಕುತ್ತೀಯ ಅಂತ ಇಷ್ಟು ವರ್ಷ ನಿನ್ನ ಮೇಲೆ ಉರಿದುಬಿದ್ದೆನಲ್ಲ, ಅದರಲ್ಲಿ ಎಷ್ಟು ನಿನ್ನ ಮೇಲಿನದು, ಎಷ್ಟು ನನ್ನ ಮೇಲಿನದು, ನನಗೇ ಬಿಡಿಸಲು ಬರುತ್ತಿಲ್ಲ.

ಇಪ್ಪತ್ತೊಂದು ವರ್ಷ ಅವುಗಳ ಮಧ್ಯೆ ಇದ್ದವಳು ನೀನು. ನಿನಗೆ ಗೊತ್ತಿರುತ್ತದೆ. ನನ್ನನ್ನು ಸಮಾಧಾನ ಮಾಡಬೇಡ, ನಿಜ ಹೇಳು. ಅದು ಆ ಜಾಡಿಯಿಂದಲೇ ಆದದ್ದಾ?

ನಿನ್ನ ಮಗಳು

*

ಮೇ ೨೧

ಮಗಳೇ,

ಹೇಳಿದೆ.

ನಿನ್ನ ಕಾಗದ ಓದಿ ಮುಗಿಸಿದವಳು ಕೋಟೂ ಹಾಕಿಕೊಳ್ಳದೆ ಹೋಗಿ ನಿಂತೆ. ದಿನಚರಿ ಪುಸ್ತಕ ತೆರೆದು ನಲವತ್ತು ಸಾಲನ್ನೂ ತೋರಿಸಿದೆ. ಡಾಕ್ಟರಮ್ಮ ಪುಸ್ತಕ ಮುಚ್ಚಿ, "ನಿಮ್ಮ ಕೈ ತೋರ್ಸಿ," ಅಂದರು. ತೋರಿಸಿದೆ. "ನಾನು ನಿಮ್ಮನ್ನ ನಂಬಿದ ಹಾಗೆ ನನ್ನ ತಾಯೀನೂ ನಂಬಿರಲಿಲ್ಲ," ಅಂದರು. ಬೈದಿದ್ದರೆ ಚೆನ್ನಾಗಿತ್ತು. ಬೀಗದ ಕೈ ಮೇಜಿನ ಮೇಲಿಟ್ಟು ಬಂದೆ.

ಉಳಿದ ನಾಲ್ವರ ರಕ್ತ ಬೇರೆ ಬೇರೆ ಕೊಳವೆಯಲ್ಲಿ ತಣ್ಣನೆಯ ಪೆಟ್ಟಿಗೆಯಲ್ಲಿ ಉಳಿದಿತ್ತಂತೆ. ನನ್ನದನ್ನು ಬಿಟ್ಟು ಮತ್ತೆ ಪರೀಕ್ಷೆ ಮಾಡಿದರು. ನಿನ್ನೆ ಗೇಟಿನ ಕಾವಲುಗಾರ ಮನೆಗೆ ಬಂದು ಹೇಳಿದ, "ವ್ಯತ್ಯಾಸ ಕಾಣಿಸ್ತಂತೆ. ಜಾಸ್ತೀನೇ ಕಾಣಿಸ್ತಂತೆ. ಕೆಲಸ ನಿಲ್ಸಲ್ವಂತೆ." ಅವನನ್ನು ಯಾರು ಕಳಿಸಿದರು ಅಂತ ಹೇಳಲಿಲ್ಲ, ನಾನೂ ಕೇಳಲಿಲ್ಲ. ಬಾಗಿಲು ಹಾಕಿಕೊಂಡು ಅತ್ತೆ. ಈಗ ಕಿಟಕಿಯ ಪಕ್ಕ ಕೂತು ಬರೆಯುತ್ತಿದ್ದೇನೆ. ಹೊರಗೆ ಸಂಜೆಯಾಗುತ್ತಿದೆ. ನಿಜವಾದ ಸಂಜೆ ಇಷ್ಟು ಬಣ್ಣಬಣ್ಣವಾಗಿರುತ್ತದೆ ಅನ್ನುವುದೇ ನನಗೆ ಮರೆತುಹೋಗಿತ್ತು.

ಇನ್ನು ಜಾಡಿ. ನನಗೆ ಗೊತ್ತಿತ್ತು ಕಂದ. ಅವನನ್ನು ಆಸ್ಪತ್ರೆಗೆ ಎತ್ತಿಕೊಂಡು ಹೋಗುವ ಬೆಳಿಗ್ಗೆ ಪರದೆ ಸರಿಸಿದಾಗ ಸಿಕ್ಕಿತು. ನೀರು ಚೆಲ್ಲಿ, ತೊಳೆದು, ಒರೆಸಿ ಕಪಾಟಿನಲ್ಲಿಟ್ಟೆ. ಒಂದು ಮಾತೂ ಆಡಲಿಲ್ಲ. ಆಡದಿದ್ದರೆ ನಿನಗೆ ಎಂದೂ ತಿಳಿಯುವುದಿಲ್ಲ ಅಂದುಕೊಂಡೆ. ನಿನ್ನ ಮುಖ ನೋಡಿದರೆ ಬಾಯಿತಪ್ಪಿ ಹೇಳಿಬಿಡುತ್ತೇನೋ ಅಂತ ಹೆದರಿ ದೂರ ಓಡಿದೆ. ಈ ಕೆಲಸಕ್ಕೆ ಸೇರಿದ ಮೊದಲ ವಾರ ನಾನು ಇಲ್ಲಿನವರನ್ನು ಕೇಳಿದ ಮೊದಲ ಪ್ರಶ್ನೆ ನೀನು ಈಗ ಕೇಳಿದ್ದೇ.

ಅವರು ಹೇಳಿದ್ದನ್ನು, ನಾನು ಕಣ್ಣಾರೆ ಕಂಡದ್ದನ್ನು ಬರೆಯುತ್ತೇನೆ. ಜಾಡಿಯಿಂದ ಎದ್ದ ಸೊಳ್ಳೆಯಲ್ಲಿ ಸಾಮಾನ್ಯವಾಗಿ ರೋಗ ಇರುವುದಿಲ್ಲ. ಅದು ಮೊದಲು ಜ್ವರ ಬಂದವರನ್ನು ಕಚ್ಚಬೇಕು. ವೈರಸ್ ಅದರ ಹೊಟ್ಟೆಯಿಂದ ಜೊಲ್ಲಿಗೆ ಬರಲು ಎಂಟು ಹತ್ತು ದಿನ ಬೇಕು. ಆಮೇಲೆ ಕಚ್ಚಿದರೂ ಜ್ವರ ಕಾಣಿಸಲು ಇನ್ನೂ ನಾಲ್ಕೈದು ದಿನ. ನೀನು ಹೇಳುವ ಹತ್ತು ದಿನಕ್ಕೆ ಇದು ಹೊಂದುವುದಿಲ್ಲ. ಬೀದಿಯ ಪ್ರತಿ ಮನೆಯಲ್ಲೂ ನೀರು ನಿಂತಿತ್ತು, ನಿನ್ನ ಜಾಡಿ ಇಲ್ಲದಿದ್ದರೂ ಸೊಳ್ಳೆಗೆ ಬರವಿರಲಿಲ್ಲ. ನಮ್ಮ ತೊಟ್ಟಿಗೆ ಮುಚ್ಚಳ ಹಾಕಿಸುತ್ತೇನೆ ಅನ್ನುತ್ತಲೇ ಎರಡು ವರ್ಷ ಕಳೆದವಳು ನಾನು. ನಿನ್ನ ಮೀನುಗಳು ಬಂದದ್ದು ಅಲ್ಲಿಂದ.

ಹಾಗಾಗಿ ಬಹುಶಃ ಅಲ್ಲ. "ಖಂಡಿತ ಅಲ್ಲ" ಅಂತ ಬರೆಯಲು ಕೈ ತುಡಿಯುತ್ತಿದೆ. ಹನ್ನೊಂದು ವರ್ಷದ ಹುಡುಗಿ ಎಣಿಸಿದ ಹತ್ತು ದಿನ ಹತ್ತೇ ಆಗಿರಬೇಕೆಂದಿಲ್ಲ, ಅದು ನಿನಗೂ ಗೊತ್ತು. ಈ ವರ್ಷ ಒಂದು ಸುಳ್ಳು "ಇಲ್ಲ" ಬರೆದು ಪಟ್ಟದ್ದು ಸಾಕು, ನಿನಗೆ ಇನ್ನೊಂದು ಬರೆಯುವುದಿಲ್ಲ. ಆದರೆ ಒಂದು ವಿಷಯದಲ್ಲಿ ನನಗೆ ಬಹುಶಃ ಅನ್ನುವುದೇ ಇಲ್ಲ. ನಿನ್ನ ಮೇಲೆ ನನಗೆ ಒಂದು ದಿನವೂ, ಒಂದು ಗಳಿಗೆಯೂ ಕೋಪ ಬಂದಿಲ್ಲ. ಅದನ್ನು ಅವತ್ತೇ ನಿನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೇಳಬೇಕಿತ್ತು. ಹೇಳದೆ ಹೋದೆ. ನನ್ನನ್ನು ಕ್ಷಮಿಸು.

ಅಮ್ಮ

*

ನವೆಂಬರ್ ೩

ಅಮ್ಮ,

ಆರು ತಿಂಗಳಾಯಿತು. ನಿನ್ನ ನಾಲ್ಕು ಪತ್ರ ಬಂದವು, ಎಲ್ಲವನ್ನೂ ಓದಿದ್ದೇನೆ. ಉತ್ತರ ಬರೆಯಲು ಕೂತಾಗೆಲ್ಲ ನಿನ್ನ ಆ ಮೇ ತಿಂಗಳ ಕಾಗದ ತೆಗೆದು "ಬಹುಶಃ ಅಲ್ಲ" ಅನ್ನುವಲ್ಲಿಗೆ ಬಂದು ನಿಲ್ಲುತ್ತಿದ್ದೆ. ಮೊದಲು ಸಿಟ್ಟು ಬಂತು. ಖಂಡಿತ ಅಲ್ಲ ಅಂದಿದ್ದರೆ ಇವಳ ಗಂಟೇನು ಹೋಗುತ್ತಿತ್ತು ಅಂತ. ನೀನು ಹಾಗೆ ಬರೆದಿದ್ದರೆ ನಾನು ನಂಬುತ್ತಿರಲಿಲ್ಲ ಅನ್ನುವುದು ನನಗೆ ಹೊಳೆದದ್ದು ತುಂಬ ತಡವಾಗಿ. ಈಗ ರಾತ್ರಿ ನಿದ್ದೆ ಬರುತ್ತಿದೆ.

ಎದುರುಮನೆಯವಳು ಉಳಿದಳು, ಗಂಡು ಮಗು. ಡ್ರೈವರು ಬೀದಿಯವರಿಗೆಲ್ಲ ಹಿಡಿದು ಹಿಡಿದು ತೋರಿಸುತ್ತಿದ್ದಾನೆ.

ಜೊತೆಗೆ ರೈಲಿನ ಟಿಕೆಟ್ ಇದೆ. ಇಲ್ಲಿಗೆ ಬರಲು ನಿನ್ನ ಒಪ್ಪಿಗೆ ಕೇಳಿಲ್ಲ, ಗೊತ್ತು. ಮಗುವಿಗೆ ಹೇಳಿಯಾಗಿದೆ, ಇನ್ನು ನೀನುಂಟು ಅವಳುಂಟು.

ಇವತ್ತಿನ ಸುದ್ದಿ ಹೇಳಿಬಿಡುತ್ತೇನೆ. ನಿಮ್ಮ ಡಾಕ್ಟರಮ್ಮನ ಔಷಧದ ಪರೀಕ್ಷೆ ನಮ್ಮ ಊರಿನ ಆಸ್ಪತ್ರೆಗೆ ಬಂದಿದೆ. ಅದಕ್ಕೆ ನನ್ನ ಹೆಸರು ಕೊಟ್ಟೆ. ಮೂರು ವಾರದ ಹಿಂದೆ ಸೂಜಿ ಚುಚ್ಚಿದರು. ನನಗೆ ಚುಚ್ಚಿದ್ದು ಔಷಧವೋ ಬರೀ ಉಪ್ಪುನೀರೋ, ನನಗೂ ಗೊತ್ತಿಲ್ಲ, ಚುಚ್ಚಿದವರಿಗೂ ಗೊತ್ತಿಲ್ಲ. ಇವತ್ತು ರೋಗವಿಲ್ಲದ ಸೊಳ್ಳೆ ಕಚ್ಚಿಸಿ ನೋಡುವ ದಿನ. ಫಾರಂನಲ್ಲಿ ಒಂದು ಪ್ರಶ್ನೆಯಿತ್ತು, ಮನೆಯಲ್ಲಿ ಯಾರಾದರೂ ಈ ಜ್ವರದಿಂದ ತೀರಿಕೊಂಡಿದ್ದಾರೆಯೇ ಅಂತ. ಹೌದು, ತಮ್ಮ, ಅಂತ ಬರೆದೆ.

ಸಣ್ಣ ಕೋಣೆ, ಬಿಳಿ ಗೋಡೆ, ಕಿಟಕಿಯಿಂದ ಮಧ್ಯಾಹ್ನದ ಬಿಸಿಲು. ಬಲೆ ಕಟ್ಟಿದ ಒಂದು ಡಬ್ಬಿಯೊಳಗೆ ಹತ್ತು ಸೊಳ್ಳೆ. ಎಲ್ಲಿಂದ ತರಿಸಿದ್ರಿ ಅಂತ ನರ್ಸನ್ನು ಕೇಳಿದೆ. ಚಳಿ ಊರಿನ ಪ್ರಯೋಗಾಲಯದ್ದು, ಹಳೇ ತಳಿಯಂತೆ, ಅಂದಳು. ನಾನು ಡಬ್ಬಿಯನ್ನೇ ನೋಡುತ್ತಿದ್ದೆ. "ಹೆದ್ರಿಕೆ ಆದ್ರೆ ಆ ಕಡೆ ನೋಡ್ತಿರಿ, ಐದೇ ನಿಮಿಷ," ಅಂದಳು. ನಾನು ಆ ಕಡೆ ನೋಡಲಿಲ್ಲ. ಬಲೆಗೆ ಎಡಗೈ ಒತ್ತಿ ಇಟ್ಟೆ. ಒಂದು ಬಂದು ಕೂತಿತು. ಆಮೇಲೆ ಎರಡು, ಮೂರು. ನೋವೇ ಆಗಲಿಲ್ಲ ಅಮ್ಮ.

ನನ್ನನ್ನು ಮಾತಿಗೆಳೆಯಲೆಂದು ಅವಳು ಫಾರಂ ತಿರುವಿ ಹಾಕಿ, "ತಮ್ಮ ಅಂತ ಬರ್ದಿದೀರ. ಎಷ್ಟು ವರ್ಷದೋನು?" ಅಂದಳು. ಆರು, ಅಂದೆ. "ಅಯ್ಯೋ ಪಾಪ. ಹೆಂಗಿದ್ದ?"

ಹೆಂಗಿದ್ದ ಅಂತ ನನ್ನನ್ನು ಇಷ್ಟು ವರ್ಷದಲ್ಲಿ ಯಾರೂ ಕೇಳಿಲ್ಲ. ಕೇಳಲು ನಾನು ಬಿಟ್ಟಿಲ್ಲ. ಮುಂದಿನ ಎರಡು ಹಲ್ಲು ಬಿದ್ದಿದ್ದವು, ಅಂದೆ. ಶಿಳ್ಳೆ ಹಾಕಲು ಬರುತ್ತಿರಲಿಲ್ಲ, ಆದರೂ ದಿನವಿಡೀ ಉಫ್ ಉಫ್ ಅಂತ ಊದುತ್ತಿದ್ದ. ಎಡಗಾಲಿನ ಚಪ್ಪಲಿ ಬಲಗಾಲಿಗೆ ಹಾಕಿಕೊಂಡು, ಹೇಳಿದರೆ ಇದೇ ಸರಿ ಅಂತ ವಾದಿಸುತ್ತಿದ್ದ. ಮೀನು ಹಿಡಿದದ್ದನ್ನು ಹೇಳಿದೆ. ಅವುಗಳನ್ನು ಎಣಿಸಲು ಹೋಗಿ ಪ್ರತಿ ಸಲ ಹದಿಮೂರಕ್ಕೆ ತಪ್ಪುತ್ತಿದ್ದದ್ದನ್ನು ಹೇಳಿದೆ. ಜಾಡಿ ಖಾಲಿಯಾದ ದಿನ ಕೋಣೆಯಲ್ಲೆಲ್ಲ ಹುಡುಕಿ, ಕೊನೆಗೆ ನನ್ನ ಜಡೆ ಬಿಚ್ಚಿ ಅದರೊಳಗೂ ನೋಡಿದ. ಅದನ್ನು ಹೇಳುವಾಗ ನಗು ಬಂತು, ನಗುತ್ತಾ ಕಣ್ಣೀರು ಬಂತು, ನರ್ಸೂ ಕಣ್ಣು ಒರೆಸಿಕೊಂಡಳು. ಡಬ್ಬಿಯೊಳಗೆ ಹತ್ತೂ ಕುಡಿದು ಹೊಟ್ಟೆ ತುಂಬಿಸಿಕೊಂಡು ಬಲೆಗೆ ಅಂಟಿ ಕೂತಿದ್ದವು.

"ಟೈಮ್ ಆಯ್ತು, ಕೈ ತೆಗೀಬಹುದು," ಅಂದಳು.

"ಇರಿ," ಅಂದೆ. "ಅವನ ವಿಷಯ ಇನ್ನೂ ಮುಗಿದಿಲ್ಲ."

ನಿನ್ನ ಮಗಳು